ಹಾಜರಿ ಪುಸ್ತಕದಲ್ಲಿ ಜಾಗವಿತ್ತು

ಜೂನ್ ತಿಂಗಳ ಎರಡನೆಯ ಸೋಮವಾರ, ಮಾಯಕೊಂಡದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ತಾಯಿಯೊಬ್ಬರಿಗೆ ಜಾಗ ಇಲ್ಲ ಎಂದು ಹೇಳಿ ಕಳುಹಿಸಿದೆ. ಅವರ ಜೊತೆ ಏಳು ವರ್ಷದ ಮಗನಿದ್ದ. ದಾವಣಗೆರೆಗೆ ಬಂದು, ಬಸ್ಸು ಬದಲಿಸಿ, ಕುಂದುವಾಡ ಕೆರೆಯ ಬಳಿ ಇಳಿದು, ಬಡಾವಣೆಯ ಒಳಗಿರುವ, ಬೌದ್ಧಿಕ ವಿಕಲತೆಯ ಮಕ್ಕಳ ನಮ್ಮ ವಿಶೇಷ ಶಾಲೆಯವರೆಗೆ ಆ ಹುಡುಗನನ್ನು ಸ್ವಲ್ಪ ದೂರ ನಡೆಸಿಕೊಂಡು, ಸ್ವಲ್ಪ ದೂರ ಎತ್ತಿಕೊಂಡು ಬಂದಿದ್ದರು. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಆಧಾರ್, ಜನನ ಪ್ರಮಾಣಪತ್ರ, ಅಂಗನವಾಡಿ ಟೀಚರು ಬರೆದುಕೊಟ್ಟ ಚೀಟಿ, ಎಲ್ಲವೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಡಿಕೆ ಮುರಿಯದಂತೆ ಇದ್ದವು. ಕಾಗದಪತ್ರಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. ನನ್ನ ಮೇಜಿನ ಮೇಲೆ ತೆರೆದಿದ್ದ ದಾಖಲಾತಿ ಪುಸ್ತಕದಲ್ಲಿ 50 ಮಕ್ಕಳಿಗೆ ಅನುಮತಿ ಇರುವ ಕಡೆ 46 ಹೆಸರುಗಳಿದ್ದವು, ಮತ್ತು ಆ ತಾಯಿಗೆ ಅದು ಗೊತ್ತಿತ್ತು. "ನಾಕು ಸೀಟು ಖಾಲಿ ಐತೆ ಅಂತ ಪಂಚಾಯ್ತಿ ವಿಆರ್‌ಡಬ್ಲ್ಯು ಹೇಳಿ ಕಳ್ಸಿದ್ರು ಮೇಡಂ. ಇವ್ನು ಯಾರ್ಗೂ ತೊಂದ್ರೆ ಕೊಡಲ್ಲ. ಒಂದು ಮೂಲೇಲಿ ಕುಂದ್ರಿಸಿದ್ರೆ ಸಾಕು, ಸಂಜಿ ತನ್ಕ ಅಲ್ಲೇ ಇರ್ತಾನೆ" ಎಂದರು. ವಿಆರ್‌ಡಬ್ಲ್ಯು ಎಂದರೆ ವಿಕಲಚೇತನರಿಗಾಗಿ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು.

ನಾನು ಈ ಶಾಲೆಗೆ ಬಂದು ಹದಿನೇಳು ವರ್ಷಗಳಾದವು. ವಿಶೇಷ ಶಿಕ್ಷಕಿಯಾಗಿ ಸೇರಿದವಳು ಈಗ ಮುಖ್ಯ ಶಿಕ್ಷಕಿಯಾಗಿ ದಾಖಲಾತಿಯನ್ನೂ ನೋಡಿಕೊಳ್ಳುತ್ತೇನೆ. ಈ ಅವಧಿಯಲ್ಲಿ ಬೇರೆ ಬೇರೆ ಕಾರಣಗಳಿಗಾಗಿ ಮಕ್ಕಳನ್ನು ವಾಪಸು ಕಳುಹಿಸಿದ್ದೇನೆ. ಆದರೆ ಆ ಸೋಮವಾರ ನಾನು ಹೇಳಿದ ಮಾತು ಇಷ್ಟು ದಿನಗಳಾದರೂ ನನ್ನನ್ನು ಬಿಟ್ಟಿಲ್ಲ. ಪುಸ್ತಕದ ಪ್ರಕಾರ ಅದು ಸುಳ್ಳು, ತರಗತಿಯ ಪ್ರಕಾರ ನಿಜ. ಏಪ್ರಿಲ್ ಕೊನೆಗೆ ನಮ್ಮ ಐವರು ವಿಶೇಷ ಶಿಕ್ಷಕರಲ್ಲಿ ಇಬ್ಬರು ಕೆಲಸ ಬಿಟ್ಟಿದ್ದರು. ಉಳಿದ ಮೂವರ ನಡುವೆ 46 ಮಕ್ಕಳನ್ನು ಹಂಚಿದ ಮೇಲೆ ನಲವತ್ತೇಳನೆಯ ಮಗುವಿಗೆ ನಾವು ಕೊಡಬಹುದಾಗಿದ್ದದ್ದು ಆ ತಾಯಿ ಕೇಳಿದ್ದನ್ನೇ, ಅಂದರೆ ಒಂದು ಮೂಲೆಯನ್ನು. ಮೂಲೆಯಲ್ಲಿ ಕೂರಿಸುವುದಕ್ಕಾಗಿ ಏಳು ವರ್ಷದ ಮಗುವನ್ನು ದಿನಕ್ಕೆ ನಾಲ್ಕು ಬಸ್ಸು ಹತ್ತಿಸಬಾರದು ಎಂದು ನಾನು ಅಂದುಕೊಂಡೆ. ಮನೆಯ ಮೂಲೆಗಿಂತ ಶಾಲೆಯ ಮೂಲೆ ಮೇಲು ಎಂದು ಅವರು ಅಂದುಕೊಂಡಿದ್ದರು. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಇನ್ನೂ ತೀರ್ಮಾನಿಸಲಾಗದೆ ಇದನ್ನು ಬರೆಯುತ್ತಿದ್ದೇನೆ.

ಹೆಸರುಗಳ ಲೆಕ್ಕ

ನಮ್ಮಂಥ ಸಣ್ಣ ಶಾಲೆಗಳಲ್ಲಿ ದಾಖಲಾತಿ ಇಳಿದರೆ ಮಕ್ಕಳೇ ಇಲ್ಲವೇನೋ ಎಂದು ಹೊರಗಿನವರು ಭಾವಿಸುತ್ತಾರೆ. ಮಕ್ಕಳಿದ್ದಾರೆ. ಅವರು ಬರುವುದು ತಡವಾಗಿ. ಮಾತು ಬರುತ್ತದೆ, ನಮ್ಮ ಮಾವನಿಗೂ ಐದು ವರ್ಷಕ್ಕೇ ಮಾತು ಬಂದದ್ದು ಎಂಬ ನಂಬಿಕೆಯಲ್ಲಿ ಒಂದೆರಡು ವರ್ಷ ಕಳೆಯುತ್ತವೆ. ಆಮೇಲೆ ಊರಿನ ಶಾಲೆಯ ಒಂದನೆಯ ತರಗತಿಗೆ ಸೇರಿಸುತ್ತಾರೆ. ಅಲ್ಲಿನ ಶಿಕ್ಷಕರು ಒಳ್ಳೆಯವರಾಗಿದ್ದರೆ ಮಗು ನಾಲ್ಕನೆಯ ತರಗತಿಯವರೆಗೆ ಹಿಂದಿನ ಸಾಲಿನಲ್ಲಿ ಕುಳಿತು ಬರುತ್ತದೆ. ಹತ್ತೋ ಹನ್ನೊಂದೋ ವರ್ಷವಾಗಿ, ಇನ್ನು ಆಗುವುದಿಲ್ಲ ಎಂದು ಎಲ್ಲರೂ ಕೈ ಚೆಲ್ಲಿದ ಮೇಲೆ ನಮ್ಮ ಬಾಗಿಲಿಗೆ ಬರುತ್ತದೆ. ಬಾಗಿಲ ಮೇಲಿನ ಫಲಕದಲ್ಲಿ ತೀರಾ ಇತ್ತೀಚಿನವರೆಗೂ "ಬುದ್ಧಿಮಾಂದ್ಯ ಮಕ್ಕಳ ಶಾಲೆ" ಎಂದಿತ್ತು. ಆ ಫಲಕದ ಕೆಳಗೆ ಮಗುವನ್ನು ನಡೆಸಿಕೊಂಡು ಬರಲು ತಂದೆತಾಯಿಗೆ ಎಷ್ಟು ವರ್ಷ ಹಿಡಿಯಬಹುದೆಂದು ನಾವೇ ಯೋಚಿಸಿರಲಿಲ್ಲ. ಕಾನೂನಿನ ಮಾತು ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೆಯ ಪ್ರಕರಣದಂತೆ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಇರುವ ಮಗುವಿಗೆ 6ರಿಂದ 18ನೆಯ ವಯಸ್ಸಿನವರೆಗೆ ಹತ್ತಿರದ ಶಾಲೆಯಲ್ಲಾಗಲಿ, ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಹನ್ನೆರಡು ವರ್ಷಗಳ ಆ ಹಕ್ಕಿನಲ್ಲಿ ಐದು ವರ್ಷ ಬರುವ ದಾರಿಯಲ್ಲೇ ಮುಗಿದಿರುತ್ತವೆ.

ಈಚೆಗೆ ಬೇಗ ಬರುವವರೂ ಇದ್ದಾರೆ, ಅದಕ್ಕೆ ಕಾರಣಗಳೂ ಇವೆ. ಬುದ್ಧಿಮತ್ತೆಯ ಪರೀಕ್ಷೆಗೆ, ಮಾತಿನ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗುತ್ತಿದ್ದ ಕಾಲವನ್ನು ನಾನು ನೋಡಿದ್ದೇನೆ. ದಾವಣಗೆರೆಯಲ್ಲಿಯೇ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರ, ಆರಂಭವಾದ ಮೇಲೆ ಆ ಓಡಾಟ ಎಷ್ಟೋ ಕಡಿಮೆಯಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ, ಸರ್ಕಾರಿ ಬಸ್ಸು ಓಡಾಡುವ ಹಳ್ಳಿಗಳ ತಾಯಂದಿರು ಮಗುವನ್ನು ತಾವೇ ಕರೆತರಲು ಧೈರ್ಯ ಮಾಡಿದರು. ಖಾಸಗಿ ಬಸ್ಸುಗಳೇ ಇರುವ ಮಾರ್ಗದ ಹಳ್ಳಿಗಳಿಗೆ ಆ ಅನುಕೂಲ ಸಿಗಲಿಲ್ಲ. ದಾಖಲಾತಿ ಪುಸ್ತಕವನ್ನು ಊರಿನ ಹೆಸರುಗಳ ಪ್ರಕಾರ ಓದಿದರೆ ಯಾವ ರಸ್ತೆಯಲ್ಲಿ ಯಾವ ಬಸ್ಸು ಓಡುತ್ತದೆಂದು ಹೇಳಿಬಿಡಬಹುದು. ನಮ್ಮ ವ್ಯಾನಿನಲ್ಲಿ ಹದಿನಾಲ್ಕು ಮಕ್ಕಳಷ್ಟೇ ಕೂರಬಹುದು. ಅದು ನಿಟುವಳ್ಳಿ, ವಿನೋಬನಗರ, ಆಜಾದ್ ನಗರದ ಮಂಡಕ್ಕಿ ಭಟ್ಟಿಗಳ ಸಾಲು ಸುತ್ತಿ ಬರುವ ಹೊತ್ತಿಗೆ ಹತ್ತು ಗಂಟೆಯಾಗುತ್ತದೆ.

ಹೆಸರು ದಾಖಲಾದವರೆಲ್ಲ ದಿನವೂ ಬರುತ್ತಾರೆಂದಲ್ಲ. ದುಗ್ಗಮ್ಮನ ಜಾತ್ರೆಯ ವರ್ಷ ವಾರಗಟ್ಟಲೆ ಅರ್ಧ ಶಾಲೆ ಖಾಲಿ. ಮಳೆಗಾಲದಲ್ಲಿ ಮೂರ್ಛೆ ರೋಗದ ಮಕ್ಕಳು ನೆಗಡಿ ಜ್ವರ ಬಂದರೆ ಮನೆಯಲ್ಲಿಯೇ ಉಳಿಯುತ್ತಾರೆ, ಏಕೆಂದರೆ ಜ್ವರದೊಂದಿಗೆ ಫಿಟ್ಸ್ ಬರುತ್ತದೆಂಬ ಭಯ ಮನೆಯವರಿಗಿದೆ, ಆ ಭಯ ನ್ಯಾಯವಾದದ್ದೇ. ಆದರೆ ತಲೆ ಲೆಕ್ಕದ ಮೇಲೆ ಬರುವ ಅನುದಾನಕ್ಕೆ ಹಾಜರಾತಿ ಬೇಕು. ಅನುದಾನದಿಂದಲೇ ಶಿಕ್ಷಕರ ಸಂಬಳ ಹೊರಡಬೇಕು. ಮಕ್ಕಳು ಕಡಿಮೆಯಾದರೆ ಶಿಕ್ಷಕರನ್ನು ಇಟ್ಟುಕೊಳ್ಳಲು ಹಣವಿಲ್ಲ, ಶಿಕ್ಷಕರು ಕಡಿಮೆಯಾದರೆ ಮಕ್ಕಳನ್ನು ಸೇರಿಸಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ, ಮೊದಲು 50 ತುಂಬಿಸಿ, ಶಿಕ್ಷಕರನ್ನು ಆಮೇಲೆ ನೋಡೋಣ ಎಂದು ಹಿರಿಯರೊಬ್ಬರು ಹೇಳಿದರು. ಅವರದು ಕೆಟ್ಟ ಮನಸ್ಸಲ್ಲ, ಕಟ್ಟಡದ ಬಾಡಿಗೆಯನ್ನು ಕೈಯಿಂದ ಕಟ್ಟಿದ ವರ್ಷಗಳೂ ಅವರ ಬದುಕಿನಲ್ಲಿವೆ. ಆದರೂ ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂಬುದಕ್ಕೆ ಮೂರು ವರ್ಷ ಹಿಂದಿನ ಒಂದು ಪ್ರಸಂಗವನ್ನು ಹೇಳಲೇಬೇಕು.

ಬಳೆ

ಆಗ ನಮ್ಮಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಮಾತಿಲ್ಲ. ಕಾರ್ಡಿನಲ್ಲಿ ಶೇಕಡಾ 90 ಎಂದಿತ್ತು, ಅಂದರೆ ತೀವ್ರ ಬೌದ್ಧಿಕ ವಿಕಲತೆ. ಸೇರಿದಾಗ ಅವನಿಗೆ ಮಲಮೂತ್ರದ ಮೇಲೆ ಹಿಡಿತವಿರಲಿಲ್ಲ. ಅವನ ಗುಂಪಿನ ಶಿಕ್ಷಕಿ ಚನ್ನಗಿರಿ ಕಡೆಯವರು, ಇನ್ನೂ ಇಪ್ಪತ್ತಾರರ ವಯಸ್ಸು. ಅವರು ಮೊದಲ ಎರಡು ವಾರ ಏನನ್ನೂ ಕಲಿಸಲಿಲ್ಲ, ಬರೆದುಕೊಂಡರು ಅಷ್ಟೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅವನು ಎಷ್ಟು ಹೊತ್ತಿಗೆ ನೀರು ಕುಡಿದ, ಎಷ್ಟು ಹೊತ್ತಿಗೆ ಚಡ್ಡಿ ಒದ್ದೆಯಾಯಿತು ಎಂದು ಗೆರೆ ಹಾಕಿದ ಹಾಳೆಯಲ್ಲಿ ದಾಖಲಿಸುತ್ತಾ ಹೋದರು. ಆ ಹಾಳೆಗಳಿಂದ ಅವನ ದೇಹದ ಗಡಿಯಾರ ಅವರಿಗೆ ತಿಳಿಯಿತು. ಆಮೇಲೆ ಆ ಹೊತ್ತಿಗೆ ಹತ್ತು ನಿಮಿಷ ಮೊದಲು ಕೈ ಹಿಡಿದು ಕರೆದೊಯ್ಯುವುದು, ಕೆಲವು ವಾರಗಳ ನಂತರ ಕೈ ಬಿಟ್ಟು ಸನ್ನೆ ಮಾತ್ರ ಮಾಡುವುದು, ಇನ್ನೂ ಕೆಲವು ವಾರಗಳ ನಂತರ ಸನ್ನೆಯನ್ನೂ ಬಿಟ್ಟು ಕಾಯುವುದು. ಕಾಯುವುದೇ ಕಷ್ಟದ ಹಂತ. ಐದನೆಯ ತಿಂಗಳ ಒಂದು ದಿನ ಅವನು ತಾನಾಗಿಯೇ ಎದ್ದು ಬಂದು, ಅವರ ಎಡಗೈಯ ಗಾಜಿನ ಬಳೆಯೊಂದನ್ನು ಬೆರಳಿನಿಂದ ಒಮ್ಮೆ ತಿರುಗಿಸಿ, ಬಚ್ಚಲಿನ ಬಾಗಿಲನ್ನು ನೋಡಿದ. ಯಾರೂ ಅವನಿಗೆ ಅದನ್ನು ಕಲಿಸಿರಲಿಲ್ಲ. ಅವನು ಆರಿಸಿಕೊಂಡ ಮಾತು ಅದು. ಅಂದು ಆ ಶಿಕ್ಷಕಿ ನನ್ನ ಕೊಠಡಿಗೆ ಓಡಿ ಬಂದು, ಹೇಳಲು ಬಾಯಿ ಬಾರದೆ, ತಮ್ಮ ಕೈಯ ಬಳೆಯನ್ನು ತಾವೇ ತಿರುಗಿಸಿ ತೋರಿಸಿದ್ದು ನನ್ನ ಕಣ್ಣಿನಲ್ಲಿ ಹಾಗೆಯೇ ಇದೆ.

ಮುಂದಿನ ಜೂನ್‌ನಲ್ಲಿ ಅವರು ಕೆಲಸ ಬಿಟ್ಟರು. ಬದಲಿಗೆ ಬಂದವರು ಓದಿನಲ್ಲಿ ಇನ್ನೂ ಮುಂದಿದ್ದರು, ವಿಶೇಷ ಬಿ.ಎಡ್. ಮಾಡಿದ್ದರು, ಮಕ್ಕಳೊಂದಿಗೆ ಮೃದುವಾಗಿದ್ದರು. ಅವರು ಕೈಗೆ ವಾಚು ಕಟ್ಟುತ್ತಿದ್ದರು, ಬಳೆ ಹಾಕುತ್ತಿರಲಿಲ್ಲ. ಹುಡುಗ ಅವರ ಬಳಿ ಹೋಗಿ ಕೈ ಹಿಡಿಯುತ್ತಿದ್ದ, ಮಣಿಕಟ್ಟನ್ನು ಮುಟ್ಟಿ ನೋಡುತ್ತಿದ್ದ, ವಾಪಸು ಬಂದು ಕುಳಿತುಕೊಳ್ಳುತ್ತಿದ್ದ. ಅವನಿಗೆ ತಮ್ಮ ಮೇಲೆ ಪ್ರೀತಿ ಹುಟ್ಟಿದೆ ಎಂದು ಅವರು ತಿಳಿದರು, ನಾನೂ ಹಾಗೆಯೇ ತಿಳಿದೆ. ಮೂರನೆಯ ದಿನ ಚಡ್ಡಿ ಒದ್ದೆಯಾಯಿತು. ಎರಡನೆಯ ವಾರದ ಹೊತ್ತಿಗೆ ಅವನು ಎದ್ದು ಹೋಗುವುದನ್ನೇ ನಿಲ್ಲಿಸಿದ. ತಾಯಿ ಏನೂ ಕೇಳಲಿಲ್ಲ. ಚೀಲದಲ್ಲಿ ಒಂದು ಚಡ್ಡಿ ಇಡುತ್ತಿದ್ದವರು ಮೂರು ಇಡತೊಡಗಿದರು.

ಕೊನೆಗೆ ಅದನ್ನು ಕಂಡುಹಿಡಿದವರು ನಮ್ಮ ಆಯಮ್ಮ. ಶಿಕ್ಷಕರು ಕಡಿಮೆಯಿದ್ದ ಕಾರಣ ಆ ತಿಂಗಳು ಅವರನ್ನು ವ್ಯಾನಿಗೂ ದೊಡ್ಡ ಮಕ್ಕಳ ಗುಂಪಿಗೂ ಹಾಕಿದ್ದೆವು. ಒಂದು ಮಧ್ಯಾಹ್ನ ಊಟ ಬಡಿಸಲು ಆ ಕೊಠಡಿಗೆ ಹೋದವರು, ಅವನು ತಮ್ಮ ಕೈಯನ್ನು ಎಳೆದುಕೊಂಡದ್ದನ್ನು ಕಂಡು ನನ್ನ ಬಳಿಗೆ ಬಂದರು. "ಅವ್ನು ಬಳೆ ಹುಡುಕ್ತಾನೆ ಮೇಡಂ. ಆ ಮಿಸ್ ಬಳೆ ತಿರುಗ್ಸಿ ಒಂದಕ್ಕೆ ಹೋಗ್ತಿದ್ನಲ್ಲ" ಎಂದರು. ಆ ಸನ್ನೆಯನ್ನು ನಾನೂ ಕಣ್ಣಾರೆ ಕಂಡಿದ್ದೆ, ಅದಕ್ಕಾಗಿ ಸಂತೋಷಪಟ್ಟಿದ್ದೆ, ಮತ್ತು ಮರೆತಿದ್ದೆ. ಹೊಸ ಶಿಕ್ಷಕಿ ಅಂದೇ ಸಂಜೆ ಹೋಗಿ ಬಳೆ ಕೊಂಡು ಹಾಕಿಕೊಂಡು ಬಂದರು. ಆದರೆ ಹುಡುಗ ಮತ್ತೆ ಎದ್ದು ಬಂದು ಬಳೆ ತಿರುಗಿಸಲು ದೀಪಾವಳಿಯವರೆಗೆ ಕಾಯಬೇಕಾಯಿತು. ಐದು ತಿಂಗಳಲ್ಲಿ ಕಲಿತದ್ದು ಹದಿನೈದು ದಿನಗಳಲ್ಲಿ ಹೋಗಿ, ಮರಳಲು ಇನ್ನೂ ಐದು ತಿಂಗಳು ಹಿಡಿಯಿತು. ಅವನಿಗೆ ಸಿಕ್ಕಿರುವ ಹನ್ನೆರಡು ವರ್ಷಗಳಲ್ಲಿ ಅಷ್ಟು ಕಾಲವನ್ನು ಕಳೆದವರು ನಾವು.

ಒಬ್ಬರಿಗೆ ಎಷ್ಟು ಮಕ್ಕಳು

ವಿಶೇಷ ಶಿಕ್ಷಕರ ಸಂಖ್ಯೆಯ ಬಗ್ಗೆ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 28ರಂದು ಒಂದು ಮುಖ್ಯ ತೀರ್ಪು ಕೊಟ್ಟಿತು. ಅದು ಸಾಮಾನ್ಯ ಶಾಲೆಗಳಲ್ಲಿ ಓದುವ ವಿಶೇಷ ಅಗತ್ಯದ ಮಕ್ಕಳ ಕುರಿತದ್ದು. ಕಿರಿಯ ಪ್ರಾಥಮಿಕದಲ್ಲಿ ಅಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಎಂಬ ಪ್ರಮಾಣವನ್ನು ಕೇಂದ್ರ ಸರ್ಕಾರ ಆಮೇಲೆ ಅಧಿಸೂಚಿಸಿತು. ಅದೇ ಮೊಕದ್ದಮೆಯಲ್ಲಿ, ವಿಶೇಷ ಶಿಕ್ಷಕರ ತರಬೇತಿ ಮತ್ತು ನೋಂದಣಿಯನ್ನು ನೋಡಿಕೊಳ್ಳುವ ಭಾರತೀಯ ಪುನರ್ವಸತಿ ಪರಿಷತ್ತಿನ ಪ್ರಮಾಣಗಳೂ ಚರ್ಚೆಗೆ ಬಂದಿದ್ದವು. ಅವುಗಳ ಪ್ರಕಾರ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆಗೆ ಅಡ್ಡಿ) ಇದ್ದರೆ 8 ಮಕ್ಕಳಿಗೆ ಒಬ್ಬರು, ಬೌದ್ಧಿಕ ವಿಕಲತೆ ಮತ್ತು ಆಟಿಸಂ ಇದ್ದರೆ 5ಕ್ಕೆ ಒಬ್ಬರು. ಈ ಐದರ ಲೆಕ್ಕವನ್ನು ನಮ್ಮ 46 ಮಕ್ಕಳಿಗೆ ಹಿಡಿದರೆ ಒಂಬತ್ತು ಹತ್ತು ಶಿಕ್ಷಕರಿರಬೇಕು. ಐವರಿಗಿಂತ ಹೆಚ್ಚು ಶಿಕ್ಷಕರನ್ನು ನಮ್ಮ ಶಾಲೆ ಎಂದೂ ಕಂಡಿಲ್ಲ.

ಸಂಖ್ಯೆ ಯಾಕೆ ಅಷ್ಟು ಮುಖ್ಯ ಎಂದು ಕೇಳುವವರು ಒಂದು ದಿನ ನಮ್ಮೊಂದಿಗೆ ಇದ್ದು ನೋಡಬೇಕು. ಒಂದು ಮಗುವಿಗೆ ಫಿಟ್ಸ್ ಬಂತೆನ್ನಿ. ಒಬ್ಬರು ಅದನ್ನು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡುತ್ತಾ ಪಕ್ಕದಲ್ಲಿಯೇ ಕೂರಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಬೇಕು. ಆ ಹೊತ್ತಿನಲ್ಲಿ ಉಳಿದ ಹದಿನಾಲ್ಕು ಮಕ್ಕಳ ಕೊಠಡಿಯಲ್ಲಿ ಯಾರೂ ಇಲ್ಲ. ಆ ಹದಿನಾಲ್ವರಲ್ಲಿ ಒಬ್ಬ ಬಾಗಿಲು ತೆರೆದಿದ್ದರೆ ರಸ್ತೆಗೆ ಓಡುವವನು, ಒಬ್ಬಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವವಳು. ಇದು ಕಾಯುವ ಕೆಲಸ ಮಾತ್ರ. ಕಲಿಸುವುದು ಇದರ ಆಚೆಗಿದೆ. ಪ್ರತಿ ಮಗುವಿಗೂ ಪ್ರತ್ಯೇಕ ಶಿಕ್ಷಣ ಯೋಜನೆ ಬರೆಯಬೇಕು. ಅದಕ್ಕೆ ಮೊದಲು ಮಗುವಿಗೆ ಏನೇನು ಬರುತ್ತದೆಂದು ನೋಡಲು ನಾವು ಬಳಸುವ ಮದ್ರಾಸ್ ಮಾಪನ ಪಟ್ಟಿಯಲ್ಲಿ 18 ವಿಭಾಗಗಳಿವೆ, ವಿಭಾಗಕ್ಕೆ 20ರಂತೆ ಒಟ್ಟು 360 ಅಂಶಗಳು. ಉಣ್ಣುವುದು, ಉಡುವುದು, ತಲೆ ಬಾಚುವುದು, ಹಣ ಎಣಿಸುವುದು, ಹೊತ್ತು ತಿಳಿಯುವುದು ಎಲ್ಲವನ್ನೂ ಮಗುವಿನ ಜೊತೆ ಕುಳಿತು, ಮಾಡಿಸಿ ನೋಡಿ ಗುರುತಿಸಬೇಕು. ಹದಿನೈದು ಮಕ್ಕಳಿರುವ ಶಿಕ್ಷಕಿ ಇದನ್ನು ಪ್ರಾಮಾಣಿಕವಾಗಿ ಮಾಡಿ ಮುಗಿಸುವಷ್ಟರಲ್ಲಿ ದಸರಾ ರಜೆ ಬಂದಿರುತ್ತದೆ.

ಕೆಲಸ ಬಿಟ್ಟವರನ್ನು ದೂರಲು ನನಗೆ ಮನಸ್ಸಿಲ್ಲ. ಈ ಏಪ್ರಿಲ್‌ನಲ್ಲಿ ಹೋದವರಲ್ಲಿ ಒಬ್ಬರು ನಗರದ ಒಂದು ಸಿಬಿಎಸ್‌ಇ ಶಾಲೆಗೆ ಸೇರಿದರು. ಆ ಶಾಲೆಗಳಲ್ಲಿ ವಿಶೇಷ ಶಿಕ್ಷಕರು ಇರಲೇಬೇಕೆಂಬ ನಿಯಮವಿದೆ, ಅದು ಒಳ್ಳೆಯ ನಿಯಮ. ಅಲ್ಲಿ ಸಂಬಳ ಹೆಚ್ಚು, ಪ್ರತಿ ತಿಂಗಳೂ ಒಂದನೆಯ ತಾರೀಖು ಬರುತ್ತದೆ, ಚಡ್ಡಿ ಬದಲಿಸುವ ಕೆಲಸವಿಲ್ಲ. ಇನ್ನೊಬ್ಬರು ಮದುವೆಯಾಗಿ ಹುಬ್ಬಳ್ಳಿಗೆ ಹೋದರು. ಹೊರಡುವ ದಿನ ಮೊದಲನೆಯವರು ನನ್ನ ಮುಂದೆ ಕುಳಿತು, "ಮೇಡಂ, ಅನುದಾನ ತಡವಾದ್ರೆ ನಾಲ್ಕು ತಿಂಗಳು ಸಂಬಳ ಇರಲ್ಲ. ಅಪ್ಪಾಜಿಗೆ ಡಯಾಲಿಸಿಸ್ ನಡೀತಿದೆ. ನಾನೇನ್ ಮಾಡ್ಲಿ, ನೀವೇ ಹೇಳಿ" ಎಂದರು. ನಾನು ಹೋಗಿಬನ್ನಿ ಎಂದೆ. ಅವರ ಜಾಗಕ್ಕೆ ಯಾರನ್ನೋ ತಂದು ನಿಲ್ಲಿಸುವಂತಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಪರಿಷತ್ತಿನ ನೋಂದಣಿ ಇರುವವರೇ ಆಗಬೇಕು. ಆ ಕಟ್ಟುನಿಟ್ಟನ್ನು ನಾನು ಮನಸಾರೆ ಒಪ್ಪುತ್ತೇನೆ, ತರಬೇತಿ ಇಲ್ಲದ ಕೈಗಳು ಈ ಮಕ್ಕಳಿಗೆ ಏನು ಮಾಡಬಲ್ಲವು ಎಂಬುದನ್ನು ಕಂಡವಳು ನಾನು. ಆದರೆ ಅಂಥ ತರಬೇತಿ ಪಡೆದು ಹೊರಬರುವ ಕೆಲವೇ ಜನರಿಗಾಗಿ ಸಾಮಾನ್ಯ ಶಾಲೆಗಳೂ ನಾವೂ ಒಟ್ಟಿಗೆ ಕಾಯುತ್ತಿದ್ದೇವೆ. ಸಂಬಳದಲ್ಲಿ ನಾವು ಅವರಿಗೆ ಸಮನಾಗದಿದ್ದರೆ ತೀವ್ರ ವಿಕಲತೆಯ ಮಕ್ಕಳ ಪಾಲಿಗೆ ಪ್ರತಿ ಜೂನ್‌ನಲ್ಲಿಯೂ ಹೊಸ ಮುಖಗಳೇ ಬರುತ್ತವೆ. ಅತಿ ಹೆಚ್ಚು ಕಾಲ ಒಬ್ಬರೇ ಜೊತೆಗಿರಬೇಕಾದ ಮಕ್ಕಳಿಗೆ ಅತಿ ಕಡಿಮೆ ಕಾಲ ಉಳಿಯುವ ಶಿಕ್ಷಕರು ಸಿಗುತ್ತಿದ್ದಾರೆ. ಇದು ಅನ್ಯಾಯ ಎಂದು ನಾನು ಬಿಚ್ಚಿ ಹೇಳುತ್ತೇನೆ.

ಇನ್ನೊಂದು ಮಾತು. ಯಾವ ಪ್ರಮಾಣದಲ್ಲಿಯೂ, ಯಾವ ಲೆಕ್ಕದಲ್ಲಿಯೂ ಆಯಮ್ಮ ಇಲ್ಲ. ಶಿಕ್ಷಕರು ಬಂದು ಹೋಗುವ ಶಾಲೆಯಲ್ಲಿ ಹತ್ತು ಹದಿನೈದು ವರ್ಷ ಉಳಿಯುವವರು ಅವರೇ. ಯಾವ ಮಗು ಯಾವ ಬದಿಯಿಂದ ಉಣಿಸಿದರೆ ನುಂಗುತ್ತದೆ, ಯಾರು ಮೋಡ ಕವಿದರೆ ಅಳುತ್ತಾರೆ ಎಂದು ಬಲ್ಲವರು ಅವರು. ಪರಿಶೀಲನೆಗೆ ಬಂದವರು ಶಿಕ್ಷಕರ ನೋಂದಣಿ ಸಂಖ್ಯೆಗಳನ್ನು ಬರೆದುಕೊಂಡು ಹೋಗುತ್ತಾರೆ. ಆಯಮ್ಮನ ಹೆಸರನ್ನು ಇದುವರೆಗೆ ಯಾರೂ ಕೇಳಿಲ್ಲ.

ಪೆನ್ಸಿಲ್ಲಿನಲ್ಲಿ ಬರೆದ ಹೆಸರು

ಬಳೆಯ ಪ್ರಸಂಗದ ನಂತರ ನಾವು ಪ್ರತಿ ಮಗುವಿಗೂ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಶಿಕ್ಷಣ ಯೋಜನೆಯ ಕಡತ ಬೇರೆಯೇ ಇದೆ, ಅದು ಪರಿಶೀಲನೆಗೆ. ಈ ನೋಟ್‌ಬುಕ್ ಮುಂದೆ ಬರುವ ಶಿಕ್ಷಕರಿಗಾಗಿ. "ಬಾಯಾರಿದರೆ ತುಟಿ ಕಚ್ಚುತ್ತಾಳೆ." "ಕುಕ್ಕರ್ ಕೂಗಿದರೆ ಮೇಜಿನ ಕೆಳಗೆ ಹೋಗುತ್ತಾನೆ, ಎಳೆಯಬೇಡಿ, ತಾನೇ ಬರುತ್ತಾನೆ." ಆಯಮ್ಮ ಹೇಳಿದ್ದನ್ನು ಶಿಕ್ಷಕರು ಬರೆಯುತ್ತಾರೆ. ಕೆಲಸ ಬಿಡುವವರು ಕೊನೆಯ ವಾರ ಅದನ್ನು ತುಂಬಿಸಿಯೇ ಹೋಗಬೇಕೆಂದು ಕೇಳಿಕೊಳ್ಳುತ್ತೇವೆ. ಈ ಏಪ್ರಿಲ್‌ನಲ್ಲಿ ಹೋದವರು ಶ್ರಾವಣದ ಎರಡು ಶನಿವಾರ ತಮ್ಮ ಬಿಡುವಿನಲ್ಲಿ ಬಂದು, ಉಳಿದ ಪುಟಗಳನ್ನು ಮಕ್ಕಳ ಪಕ್ಕದಲ್ಲಿ ಕುಳಿತೇ ಬರೆದರು.

ಆ ಸೋಮವಾರ ಮಾಯಕೊಂಡದ ಕಡೆಯ ತಾಯಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಕುಳ್ಳಿರಿಸಿಕೊಂಡು, ಅವರ ತಾಲ್ಲೂಕಿನ ಬಿಐಇಆರ್‌ಟಿಯವರ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಶಿಕ್ಷಣ ಇಲಾಖೆಯಲ್ಲಿರುವ ಸಂಪನ್ಮೂಲ ಶಿಕ್ಷಕರ ಮೂಲಕ ಗೃಹಾಧಾರಿತ ಶಿಕ್ಷಣಕ್ಕೆ ಹೆಸರು ಬರೆಸುವುದು ಹೇಗೆಂದು ಹೇಳಿದೆ, ಮನೆಯಲ್ಲಿ ಮಾಡಬಹುದಾದ ಎರಡು ಮೂರು ಅಭ್ಯಾಸಗಳನ್ನು ತೋರಿಸಿದೆ. ಮಗ ಅಷ್ಟೂ ಹೊತ್ತು ನನ್ನ ಮೇಜಿನ ಮೇಲಿನ ಗಂಟೆಯನ್ನು ನೋಡುತ್ತಿದ್ದ. ಅದನ್ನು ಅವನ ಕೈಗೆ ಕೊಟ್ಟಾಗ ಬಾರಿಸಲಿಲ್ಲ, ಕಿವಿಗೆ ಹಿಡಿದುಕೊಂಡ. ಅವರು ಹೋದ ಮೇಲೆ ದಾಖಲಾತಿ ಪುಸ್ತಕದ ಕೊನೆಯ ಪುಟದಲ್ಲಿ ಹುಡುಗನ ಹೆಸರು, ತಾಯಿಯ ಮೊಬೈಲ್ ಸಂಖ್ಯೆ ಪೆನ್ಸಿಲ್ಲಿನಲ್ಲಿ ಬರೆದೆ, ಪಕ್ಕದಲ್ಲಿ "ಗಂಟೆ, ಕಿವಿಗೆ" ಎಂದೂ ಬರೆದೆ.

ಸೆಪ್ಟೆಂಬರ್ ಕೊನೆಗೆ ಹೊಸ ಶಿಕ್ಷಕಿಯೊಬ್ಬರು ಸೇರಿದರು. ಒಂದು ವಾರ ಬಿಟ್ಟು ಆ ಸಂಖ್ಯೆಗೆ ಫೋನ್ ಮಾಡಿದೆ. ಮೆಕ್ಕೆಜೋಳ ಮುರಿಯುವ ಕೆಲಸ ಶುರುವಾಗಿದೆ, ಕೂಲಿ ಬಿಡಲಾಗುವುದಿಲ್ಲ, ಮಗನನ್ನು ಹೊಲದ ಬದುವಿನ ಮೇಲೆ ನೆರಳಲ್ಲಿ ಕೂರಿಸಿಕೊಂಡಿದ್ದೇನೆ ಎಂದರು. ದೀಪಾವಳಿ ಕಳೆದ ಮೇಲೆ ಕರೆತರುತ್ತಾರಂತೆ. ಹೊಸ ಶಿಕ್ಷಕಿ ಅವನಿಗಾಗಿ ಒಂದು ನೋಟ್‌ಬುಕ್ಕಿಗೆ ರಟ್ಟು ಹಾಕಿ ಇಟ್ಟಿದ್ದಾರೆ. ಮೊದಲ ಪುಟದಲ್ಲಿ ಸದ್ಯಕ್ಕೆ ಗಂಟೆಯ ವಿಷಯವೊಂದೇ ಇದೆ.